ಎರಡೂ ಹೆಸರು ನನ್ನದೇ

ಸೇನೆಯ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಿಂದ ಹವಾಲ್ದಾರನಾಗಿ ನಿವೃತ್ತನಾಗಿ ಕಾರವಾರದ ಹತ್ತಿರದ ನನ್ನ ಊರಿಗೆ ಮರಳಿದಾಗ, ಮಾಜಿ ಸೈನಿಕರ ಸೇವೆಯೆಂದರೆ ಜನವರಿ 26ರಂದು ಪದಕ ತೊಟ್ಟು ಧ್ವಜವಂದನೆಗೆ ನಿಲ್ಲುವುದು, ಇದೇ ತಾಲೂಕಿನ ಚೆಂಡಿಯಾದವರಾದ, ನಮ್ಮದೇ ದಳದ ಪರಮವೀರ ಚಕ್ರ ಪುರಸ್ಕೃತ ಮೇಜರ್ ರಾಮ ರಾಘೋಬ ರಾಣೆಯವರಿಗೆ ಗೌರವ ಸಲ್ಲಿಸುವುದು, ಇಷ್ಟೇ ಎಂದುಕೊಂಡಿದ್ದೆ. ಅದು ತಪ್ಪೆಂದು ತಿಳಿಯಲು ಒಂದು ಪ್ಲಾಸ್ಟಿಕ್ ಚೀಲ ಸಾಕಾಯಿತು.

ಅದನ್ನು ತಂದವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದ ಒಬ್ಬರ ವಿಧವೆ. ಒಳಗಿದ್ದ, ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ಹಾಳೆಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬೀಸಣಿಗೆಯ ಗಾಳಿಯಲ್ಲಿ ಒಣಗಿಸಿ, ಅಡಿಕೋಲಿನ ಅಂಚಿನಿಂದ ಬಿಡಿಸಿದೆ. ಅದರಲ್ಲಿ ಅವರಿಗೆ ಇದ್ದದ್ದು ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು, ಆಧಾರ್‌ನಲ್ಲಿದ್ದದ್ದು ತವರಿನ ಹೆಸರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಸೊಸೆಯ ಹೆಸರನ್ನು ಬದಲಿಸುವ ರೂಢಿಯಿತ್ತು. "ಎರಡೂ ನಾನೇ ಅಲ್ವಾ, ತಮಾ?" ಎಂದು ಅವರು ಕೇಳಿದರು.

ನಾನು ಅವಸರಪಟ್ಟೆ. ಆಧಾರ್‌ನಲ್ಲಿದ್ದಂತೆ ಹೆಸರು ತುಂಬಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿಸಿದೆ. ಹೆಸರು ಹೊಂದುವುದಿಲ್ಲವೆಂದು ಅದು ಮರಳಿ ಬಂತು. ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ಟು ಮಾಡಿಸಿ, ರೆಜಿಮೆಂಟಿನ ರೆಕಾರ್ಡ್ ಆಫೀಸಿರುವ ಬೆಳಗಾವಿಗೆ ಕಾಗದ ಕಳಿಸಿ, ದಾಖಲೆ ತಿದ್ದಿಸಿ, ಮತ್ತೆ ಅರ್ಜಿ ಹಾಕುವಷ್ಟರಲ್ಲಿ ತಿಂಗಳುಗಳು ಕಳೆದವು. ಹಿಂಬಾಕಿ ಬಂತೆಂಬುದು ನಿಜ, ಆದರೆ ಅಷ್ಟು ದಿನ ಅವರು ಅಂಗಡಿಯಲ್ಲಿ ಸಾಲ ಬರೆಸಿದ್ದು ನನ್ನ ಅವಸರದಿಂದ.

ಅಂದಿನಿಂದ ಯಾವ ಅರ್ಜಿಯನ್ನೂ ತುಂಬುವ ಮೊದಲು ಪಿಪಿಒ (ಪಿಂಚಣಿ ಪಾವತಿ ಆದೇಶ), ಡಿಸ್ಚಾರ್ಜ್ ಬುಕ್ಕು, ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕು ಇವನ್ನು ಸಾಲಾಗಿ ಮೇಜಿನ ಮೇಲಿಟ್ಟು, ಪ್ರತಿ ಹೆಸರನ್ನು ಬೆರಳಿಟ್ಟು ಓದುತ್ತೇನೆ. ಕನ್ನಡದಲ್ಲಿ ಒಂದೇ ಆಗಿರುವ ನಾಯ್ಕ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತ ಪಡೆದಿರುತ್ತದೆ. ಹೆಸರಿನಷ್ಟೇ ಮುಖ್ಯವಾದದ್ದು ಹೆಂಡತಿಯ ಹುಟ್ಟಿದ ದಿನಾಂಕ. ಎಂಬತ್ತು ತುಂಬಿದ ಮೇಲೆ ಮೂಲ ಕುಟುಂಬ ಪಿಂಚಣಿಯ ಶೇ. 20ರಷ್ಟು, ಎಂಬತ್ತೈದಕ್ಕೆ ಶೇ. 30ರಷ್ಟು ಹೆಚ್ಚುವರಿ ಮೊತ್ತ ಸಿಗಬೇಕು. ಹಳೆಯ ಪಿಪಿಒಗಳಲ್ಲಿ ಆ ದಿನಾಂಕವೇ ಇಲ್ಲದಿದ್ದರೆ ವಯಸ್ಸಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಕೇಳದೆ ಹಣವೂ ಬರುವುದಿಲ್ಲ.

ಪಿಂಚಣಿ ಪಡೆಯುವವರು ಬದುಕಿದ್ದಾರೆಂದು ತೋರಿಸುವ ಜೀವನ ಪ್ರಮಾಣ ಪತ್ರವನ್ನು ವರ್ಷಕ್ಕೊಮ್ಮೆ ಕೊಡಿಸುವುದು ಈಗ ಹಗುರವಾಗಿದೆ. ಗದ್ದೆ, ಮೀನು, ಉಪ್ಪುನೀರು ಎಂದು ದುಡಿದ ಕೈಗಳ ಬೆರಳಚ್ಚು ಯಂತ್ರಕ್ಕೆ ಹತ್ತುತ್ತಿರಲಿಲ್ಲ. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಫೋನನ್ನೇ ಮನೆಗೆ ಒಯ್ಯುತ್ತೇನೆ. ಅಂಗಳದ ಬೆಳಕಿಗೆ ಮುಖ ಮಾಡಿ ಕೂರಿಸಿ, "ಕಣ್ಣು ಮಿಟುಕಿಸಿ, ಅಮ್ಮಾ" ಎಂದರೆ ಮೊಮ್ಮಕ್ಕಳೆಲ್ಲ ಜೊತೆಗೆ ಮಿಟುಕಿಸುತ್ತಾರೆ. ನೆಟ್‌ವರ್ಕ್ ಸಿಗದ ಮನೆಯವರನ್ನು ಮಾತ್ರ ರಸ್ತೆಯವರೆಗೆ ಕರೆತರಬೇಕಾಗುತ್ತದೆ.

ನನ್ನ ಹೆಚ್ಚಿನ ಭಾನುವಾರಗಳು ಈಗ ವಿಧವೆಯರಿಗಿಂತ, ಬದುಕಿರುವ ಸೈನಿಕರಿಗೇ ಮೀಸಲು. ತಿದ್ದುಪಡಿಗೆ ಗಂಡನೇ ಸಹಿ ಹಾಕಿದರೆ ಅರ್ಧ ತೊಡಕು ಅಲ್ಲೇ ಬಗೆಹರಿಯುತ್ತದೆ. "ಈಗಲೇ ನನ್ನ ಸಾವಿನ ಮಾತೇಕೆ?" ಎಂದು ಒಬ್ಬ ಸುಬೇದಾರ ಸಾಹೇಬರು ಎರಡು ಬಾರಿ ಸಿಟ್ಟಿನಿಂದ ಎದ್ದು ಹೋದರು. ಮೂರನೆಯ ಬಾರಿ ಬಂದದ್ದು ಅವರ ಹೆಂಡತಿ, ಕೈಯಲ್ಲಿ ತಮ್ಮ ಶಾಲೆಯ ದಾಖಲೆ ಹಿಡಿದು. ಸಾಹೇಬರು ಹೊರಗೆ ಸ್ಕೂಟರಿನ ಮೇಲೆಯೇ ಕೂತಿದ್ದರು, ಅಲ್ಲಿಗೇ ಪೆನ್ನು ಒಯ್ದು ಸಹಿ ಹಾಕಿಸಿದೆ.