ಪಂಚಾಯಿತಿ ಬಜೆಟ್: ಬೇಡಿಕೆ ಕೇಳುವ ಮೊದಲು ಬಾಬ್ತು ನೋಡಿ

ಗ್ರಾಮ ಪಂಚಾಯಿತಿಯ ಬಜೆಟ್ ಕೆಲಸವನ್ನು ಫೆಬ್ರವರಿಯಲ್ಲಿ ಶುರು ಮಾಡಿದರೆ ತಡವಾಯಿತೆಂದೇ ಅರ್ಥ. ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಅಕ್ಟೋಬರ್ 2ಕ್ಕೇ ಆರಂಭವಾಗುತ್ತದೆ, ಜನ ಬಾಯಿಬಿಟ್ಟು ಕೇಳುವುದು ಆಗಲೇ. ಹಾಗಾಗಿ ನಾನು ಸೆಪ್ಟೆಂಬರ್‌ನಲ್ಲೇ ಹಣದ ಲೆಕ್ಕ ಹಾಕಿಟ್ಟುಕೊಳ್ಳುತ್ತೇನೆ. ಯಾವ ಬಾಬ್ತಿನಲ್ಲಿ ಎಷ್ಟಿದೆ ಎಂದು ತಿಳಿಯದೆ ವಾರ್ಡ್ ಸಭೆಗೆ ಹೋದರೆ ಕೇಳಿದ್ದಕ್ಕೆಲ್ಲ ಹೂಂ ಅಂದು ಬರಬೇಕಾಗುತ್ತದೆ. ಮರುವರ್ಷ ಆ ಜನ ಸಭೆಗೆ ಬರುವುದಿಲ್ಲ, ಬರದಿರುವುದು ಅವರ ತಪ್ಪೂ ಅಲ್ಲ.

ಸ್ವಂತ ಆದಾಯದ ಅಂದಾಜಿಗೆ ಡಿಸಿಬಿ, ಅಂದರೆ ತೆರಿಗೆಯ ಬೇಡಿಕೆ (ಆ ವರ್ಷ ಜನ ಕಟ್ಟಬೇಕಾದ ಮೊತ್ತ), ವಸೂಲಿ, ಬಾಕಿಯ ಪಟ್ಟಿ ಬೇಕು. ಬೇಡಿಕೆಯ ಮೊತ್ತವನ್ನೇ ಆದಾಯವೆಂದು ಬರೆದುಬಿಡುವುದು ಬಹಳ ಕಡೆ ಕಾಣುವ ತಪ್ಪು. ಚಾಲ್ತಿ ಬೇಡಿಕೆ 10 ಲಕ್ಷ, ಹಳೇ ಬಾಕಿ 8 ಲಕ್ಷ ಎಂದಿಟ್ಟುಕೊಳ್ಳಿ. ಹಿಂದಿನ ಮೂರು ವರ್ಷ ಚಾಲ್ತಿಯಲ್ಲಿ ಸರಾಸರಿ ಶೇ 65, ಹಳೇ ಬಾಕಿಯಲ್ಲಿ ಶೇ 15 ವಸೂಲಾಗಿದ್ದರೆ ಕೈಗೆ ಬರುವುದು 6.5 ಲಕ್ಷ ಮತ್ತು 1.2 ಲಕ್ಷ, ಒಟ್ಟು 7.7 ಲಕ್ಷ. ಬಜೆಟ್‌ನಲ್ಲಿ 18 ಲಕ್ಷ ಬರೆದರೆ ಡಿಸೆಂಬರ್ ಹೊತ್ತಿಗೆ ಅರ್ಧ ಕಾಮಗಾರಿಗಳಿಗೆ ದುಡ್ಡಿರುವುದಿಲ್ಲ. ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ, ಆರೋಗ್ಯ, ಶಿಕ್ಷಣ, ಭಿಕ್ಷುಕರ ಉಪಕರಗಳನ್ನೂ ಇದರಿಂದ ತೆಗೆದಿಡಬೇಕು. ಅದು ಸಂಬಂಧಪಟ್ಟ ಇಲಾಖೆಗೆ ಕಟ್ಟಬೇಕಾದ ಹಣ, ಪಂಚಾಯಿತಿಯದಲ್ಲ. ಉಳಿದದ್ದರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 25, ವಿಕಲಚೇತನರಿಗೆ ಶೇ 5 ಮೊದಲೇ ಮೀಸಲು. ಇದನ್ನು ಕಡೆಗೆ ನೋಡೋಣ ಎಂದು ಬಿಟ್ಟರೆ ಮಾರ್ಚ್ ಕೊನೆಯಲ್ಲಿ ಯಾರಿಗೂ ಬೇಡದ ಸಾಮಾನು ಖರೀದಿಸಿ ಖರ್ಚು ತೋರಿಸುವ ಗಡಿಬಿಡಿ ತಪ್ಪದು. ಆ ಕೇರಿಯವರನ್ನು, ಆ ಮನೆಯವರನ್ನು ಅಕ್ಟೋಬರ್‌ನಲ್ಲೇ ಕೇಳಿ ಬರೆದುಕೊಳ್ಳಬೇಕು.

ಇನ್ನು ಹಣಕಾಸು ಆಯೋಗದ ಅನುದಾನ. 2021-22ರಿಂದ 2025-26ರವರೆಗೆ 15ನೇ ಆಯೋಗದ ಕ್ರಮದಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕಾದ ಹಣ, ಶೇ 40 ಅನಿರ್ಬಂಧಿತ ಎಂದಿತ್ತು. ನಿರ್ಬಂಧಿತದಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಆ ಲೆಕ್ಕದಲ್ಲಿ 30 ಲಕ್ಷ ಬಂದರೆ ನೀರಿಗೆ 9, ನೈರ್ಮಲ್ಯಕ್ಕೆ 9, ಬೇರೆಲ್ಲಕ್ಕೂ ಸೇರಿ 12 ಲಕ್ಷ. ಆ 12 ಲಕ್ಷದಲ್ಲಿ ಸಂಬಳ ಕೊಡುವಂತಿರಲಿಲ್ಲ. ಆಯೋಗ ಬದಲಾದಾಗ ಪ್ರಮಾಣ ಬದಲಾಗುತ್ತದೆ, ಆದ್ದರಿಂದ ಹಳೇ ಕಡತ ನೋಡಿ ನಕಲು ಮಾಡದೆ ಆ ವರ್ಷದ ಆದೇಶ ಮುಂದಿಟ್ಟುಕೊಂಡೇ ಲೆಕ್ಕ ಮಾಡಿ. ವಾರ್ಡ್ ಸಭೆಗೆ ಹೋಗುವಾಗ ಈ ಅಂಕಿಗಳನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಂಡು ಹೋಗಿ ಗೋಡೆಗೆ ಅಂಟಿಸುತ್ತೇನೆ. ಸಿಸಿ ರಸ್ತೆ ಎಲ್ಲರಿಗೂ ಬೇಕು, ಅದಕ್ಕಿರುವುದು 12 ಲಕ್ಷದ ಒಂದು ಪಾಲು ಮಾತ್ರ ಎಂದು ಕಣ್ಣಾರೆ ಕಂಡರೆ ಚರ್ಚೆಯ ದಾರಿಯೇ ಬೇರೆಯಾಗುತ್ತದೆ.

ಹೊಸ ಕಾಮಗಾರಿಗಿಂತ ಮೊದಲು ನಿರ್ವಹಣೆ. ನೀರುಗಂಟಿ, ಕರವಸೂಲಿಗಾರರ ವೇತನ, ಬ್ಲೀಚಿಂಗ್ ಪುಡಿ, ಮೋಟಾರು ರಿಪೇರಿ, ಇವಕ್ಕಿಂತ ದೊಡ್ಡದು ವಿದ್ಯುತ್ ಬಿಲ್ಲು. 10 ಎಚ್‌ಪಿ ಮೋಟಾರೆಂದರೆ ಸುಮಾರು 7.5 ಕಿಲೋವ್ಯಾಟ್. ದಿನಕ್ಕೆ 6 ಗಂಟೆ ಓಡಿದರೆ 45 ಯೂನಿಟ್, ತಿಂಗಳಿಗೆ 1,350. 20 ವ್ಯಾಟಿನ ಎಲ್‌ಇಡಿ ಬೀದಿದೀಪ ರಾತ್ರಿ 11 ಗಂಟೆ ಉರಿದರೆ ವರ್ಷಕ್ಕೆ 80 ಯೂನಿಟ್. ಸ್ವಿಚ್ ಕೆಟ್ಟು ಹಗಲೂ ಉರಿದರೆ 175. ಇನ್ನೂರು ದೀಪವಿರುವ ಊರಲ್ಲಿ ಈ ವ್ಯತ್ಯಾಸವೇ 19,000 ಯೂನಿಟ್. ಪ್ರತಿ ಮೀಟರಿನ ಹನ್ನೆರಡು ತಿಂಗಳ ಬಿಲ್ಲನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿದರೆ ಯಾವ ಕಂಬದ ಸಾಲು ಹಗಲು ಉರಿಯುತ್ತಿದೆ, ಯಾವ ಬೋರ್‌ವೆಲ್ ನೀರಿಲ್ಲದೆ ಸುಮ್ಮನೆ ಓಡುತ್ತಿದೆ ಎಂಬ ಸುಳಿವು ಸಿಗುತ್ತದೆ. ಟೈಮರ್ ಹಾಕಿಸುವ ಖರ್ಚು ಹೊಸ ದೀಪ ಹಾಕಿಸುವುದಕ್ಕಿಂತ ಮೊದಲು ಬರಬೇಕು.

ವಾರ್ಡ್ ಸಭೆಯಲ್ಲಿ "ನಿಮಗೇನು ಬೇಕು" ಎಂದು ಕೇಳಬಾರದು. ಕೇಳಿದರೆ ಸಿಸಿ ರಸ್ತೆ, ಸಮುದಾಯ ಭವನ ಎಂಬ ಉತ್ತರವೇ ಬರುತ್ತದೆ, ಹೇಳುವವರೂ ಮುಂದೆ ಕೂತ ನಾಲ್ಕೈದು ಗಂಡಸರೇ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ? ಕೊನೇ ಮನೆಯ ನಲ್ಲಿಗೆ ಬರುತ್ತದೆಯೇ? ಮಳೆ ಬಂದರೆ ಎಲ್ಲಿ ನಿಲ್ಲುತ್ತದೆ? ಕತ್ತಲಾದ ಮೇಲೆ ಯಾವ ದಾರಿಯಲ್ಲಿ ಹೆಣ್ಣುಮಕ್ಕಳು ಓಡಾಡುವುದಿಲ್ಲ? ಹೀಗೆ ಕೇಳಿದರೆ ಕಾಮಗಾರಿಯ ಹೆಸರಿನ ಬದಲು ತೊಂದರೆ ಹೊರಬರುತ್ತದೆ. ಕೊನೇ ಮನೆಗೆ ನೀರು ಬಾರದ್ದಕ್ಕೆ ಹೊಸ ಟ್ಯಾಂಕ್ ಬೇಕಿಲ್ಲದಿರಬಹುದು, ಒಂದು ವಾಲ್ವ್ ಸಾಕಾಗಬಹುದು. ಜಲ ಜೀವನ್ ಮಿಷನ್ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್. ಸಾವಿರ ಜನಕ್ಕೆ 55,000 ಲೀಟರ್ ಟ್ಯಾಂಕಿಗೆ ಏರುತ್ತಿದ್ದರೂ ಕೊರತೆಯಿದ್ದರೆ ಹಂಚಿಕೆಯಲ್ಲೇ ದೋಷ. ಸಭೆ ಸಂಜೆ, ಡೇರಿಗೆ ಹಾಲು ಹಾಕಿ ಬಂದ ಮೇಲೆ ಇಟ್ಟರೆ ಜನ ಸೇರುತ್ತಾರೆ. ಮಹಿಳೆಯರ ಮಾತಿಗೆ ಸ್ವಸಹಾಯ ಸಂಘದ ವಾರದ ಸಭೆಗೆ ನಾವೇ ಹೋಗುವುದು ಮೇಲು. ಆದ್ಯತೆ ಗೊತ್ತುಮಾಡಲು ತೊಂದರೆಗಳನ್ನು ನೆಲದ ಮೇಲೆ ಚಿತ್ರವಾಗಿ ಬರೆದು, ಒಬ್ಬೊಬ್ಬರಿಗೂ ಮೂರು ಹುಣಸೆ ಬೀಜ ಕೊಟ್ಟು ಇಡಲು ಹೇಳಿ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸರದಿ ಮಾಡಿ, ಎಣಿಕೆಯನ್ನೂ ಬೇರೆ ಬೇರೆಯಾಗಿಯೇ ನಡವಳಿಯಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಆದ್ಯತೆ ಮುರಿದುಬೀಳುವ ಜಾಗ ಒಂದಿದೆ: ಸದಸ್ಯರಿಗೆ ಸಮಪಾಲು. 240 ಮೀಟರ್ ಚರಂಡಿಗೆ 6 ಲಕ್ಷ ಬೇಕು, ವಾರ್ಡಿಗೆ ಹಂಚಿ ಬಂದದ್ದು 1.5 ಲಕ್ಷ ಎನ್ನಿ. 60 ಮೀಟರ್ ಕಟ್ಟಿ ನಿಲ್ಲಿಸಿದರೆ ಬೀದಿಯ ಕೊಳಚೆಯೆಲ್ಲ ಅದು ಮುಗಿದಲ್ಲಿ, ಯಾರದೋ ಬಾಗಿಲ ಮುಂದೆ ನಿಲ್ಲುತ್ತದೆ. ಅಲ್ಲಿಗೆ ಆ ಮನೆಯವರಿಗೆ ಮೊದಲಿಗಿಂತ ಹೆಚ್ಚು ತೊಂದರೆ. ಇದಕ್ಕೆ ನಾವು ಹಿಡಿದ ದಾರಿ ಸರದಿಯದು: ಈ ವರ್ಷ ಯಾವ ವಾರ್ಡು, ಮುಂದಿನ ವರ್ಷ ಯಾವುದು ಎಂದು ಸಭೆಯಲ್ಲೇ ತೀರ್ಮಾನಿಸಿ ನಡವಳಿಯಲ್ಲಿ ದಾಖಲಿಸಿದರೆ ಸದಸ್ಯರೂ ಒಪ್ಪುತ್ತಾರೆ, ಏಕೆಂದರೆ ತಮ್ಮ ಬೀದಿಯವರಿಗೆ ತೋರಿಸಲು ಅವರ ಕೈಯಲ್ಲಿ ಬರಹವಿರುತ್ತದೆ. ಭಾಗಭಾಗವಾಗಿ ಕಟ್ಟಲೇಬೇಕಾದರೆ ನೀರು ಹೊರಬೀಳುವ ತಗ್ಗಿನ ಕಡೆಯಿಂದ ಮೇಲಕ್ಕೆ ಕಟ್ಟಿಕೊಂಡು ಬರಬೇಕು.

ಕ್ರಿಯಾಯೋಜನೆಗೆ ಹಾಕುವ ಮೊದಲು ಇಂಜಿನಿಯರ್ ಸ್ಥಳಕ್ಕೆ ಬಂದು ಟೇಪು ಹಿಡಿದು ಅಳೆಯಬೇಕು. ಜಾಗ ಪಂಚಾಯಿತಿಯದೋ ಖಾಸಗಿಯದೋ ಆಗಲೇ ನೋಡಿಕೊಳ್ಳಬೇಕು. ಮುಂದುವರಿದ ಕಾಮಗಾರಿಗಳ ಬಾಕಿಗೆ ಮೊದಲ ಹಣ. ಕಾಮಗಾರಿಯ ಹೆಸರಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಇರಲಿ. "ಚರಂಡಿ ನಿರ್ಮಾಣ" ಎಂದಷ್ಟೇ ಬರೆದರೆ ಒಂದೇ ಚರಂಡಿಗೆ ಎರಡು ಬಿಲ್ಲು ಆಗಲು ಬಾಗಿಲು ತೆರೆದಿಟ್ಟಂತೆ. ಇ-ಗ್ರಾಮಸ್ವರಾಜ್ ತಂತ್ರಾಂಶಕ್ಕೆ ಏರಿಸಿದ ಯೋಜನೆಯಲ್ಲಿಲ್ಲದ ಕೆಲಸಕ್ಕೆ ಆಯೋಗದ ಹಣ ಪಾವತಿಯಾಗದು, ಹಾಗಾಗಿ ಪಟ್ಟಿಯನ್ನು ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಬೇಕು. ಗ್ರಾಮ ಸಭೆಯಲ್ಲಿ ಆಯ್ಕೆಯಾಗದ ಬೇಡಿಕೆಗಳನ್ನೂ ಕಾರಣ ಸಮೇತ ಓದಿ ಹೇಳಿ.

ಕೊನೆಯದಾಗಿ ಆರಂಭ ಶಿಲ್ಕು, ಅಂದರೆ ವರ್ಷ ಶುರುವಾಗುವಾಗ ಕೈಯಲ್ಲಿರುವ ಹಣ. ಹೊಸ ವರ್ಷದ ಅನುದಾನದ ಕಂತು ಏಪ್ರಿಲ್‌ನಲ್ಲೇ ಬಂದುಬಿಡುವುದಿಲ್ಲ. ಬೋರ್‌ವೆಲ್ ಬತ್ತುವುದು, ಮೋಟಾರು ಸುಡುವುದು, ಟ್ಯಾಂಕರ್ ಬೇಕಾಗುವುದು ಎಲ್ಲವೂ ಏಪ್ರಿಲ್, ಮೇ ತಿಂಗಳಲ್ಲೇ. ಮಾರ್ಚ್ 31ಕ್ಕೆ ಸ್ವಂತ ನಿಧಿಯನ್ನು ಸೊನ್ನೆ ಮಾಡದೆ, ಕನಿಷ್ಠ ಮೂರು ತಿಂಗಳ ನೀರಿನ ನಿರ್ವಹಣೆಗೆ ಸಾಕಾಗುವಷ್ಟನ್ನು ಬಜೆಟ್‌ನಲ್ಲೇ ಅಂತಿಮ ಶಿಲ್ಕೆಂದು ತೋರಿಸಿ ಉಳಿಸಿಕೊಳ್ಳಿ.