ಲೈಟ್ನಿಂಗ್‌ಗೆ ಟ್ರೇಲರ್ ಕಟ್ಟಿ ಡಾನರ್ ಘಟ್ಟ ಹತ್ತಿದ ಅನುಭವ

ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿರುವ ನಮ್ಮ ಮನೆಯಿಂದ ಟ್ರಕಿ ಊರಿಗೆ ಸುಮಾರು 170 ಮೈಲಿ, ಅಂದರೆ 270 ಕಿಲೋಮೀಟರ್. ಬರೀ ಗಾಡಿಯಾದರೆ ನಮ್ಮ ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ವಿದ್ಯುತ್ ಪಿಕಪ್ ಇದನ್ನು ಒಂದೇ ಚಾರ್ಜಿನಲ್ಲಿ ಮುಗಿಸುತ್ತದೆ. ದೊಡ್ಡ ಬ್ಯಾಟರಿಯ ಮಾದರಿ ನಮ್ಮದು. 131 ಯೂನಿಟ್ ಹಿಡಿಯುತ್ತದೆ, 320 ಮೈಲಿ ಓಡುತ್ತದೆ ಎಂದು ಕಾಗದದಲ್ಲಿದೆ. ಆದರೆ ಆ ಸಲ ಹಿಂದೆ ಟ್ರೇಲರ್ ಇತ್ತು. ಮಲಗಲು, ಅಡುಗೆಗೆ ಎಲ್ಲ ಅನುಕೂಲ ಇರುವಂಥದು, ಸಾಮಾನು ತುಂಬಿದರೆ 5,500 ಪೌಂಡ್, ಸುಮಾರು 2,500 ಕಿಲೋ.

ಎಳೆಯುತ್ತದೋ ಇಲ್ಲವೋ ಎಂಬ ಅನುಮಾನ ನಮ್ಮ ಬೀದಿ ದಾಟುವಷ್ಟರಲ್ಲೇ ಹೋಯಿತು. ನಿಂತಲ್ಲಿಂದಲೇ ಮೋಟಾರಿಗೆ ಪೂರ್ತಿ ಬಲ, ಗೇರಿನ ಜಗ್ಗಾಟವಿಲ್ಲ, ಎಂಜಿನ್ನಿನ ಏದುಸಿರಿಲ್ಲ. ಟ್ರೇಲರ್ ಎಳೆಯಲೆಂದೇ ಕೊಡುವ ಟೋ ಪ್ಯಾಕೇಜ್ ಇದ್ದರೆ 10,000 ಪೌಂಡ್‌ವರೆಗೆ ಎಳೆಯಬಹುದು. ನಾವು ಅದರ ಅರ್ಧಕ್ಕಿಂತ ತುಸು ಮೇಲಿದ್ದೆವು, ಅಷ್ಟೇ.

ತೊಂದರೆ ಶುರುವಾದದ್ದು ನನ್ನ ಲೆಕ್ಕದಿಂದ. ಟ್ರೇಲರ್ ಕಟ್ಟಿದಾಗ 55 ಮೈಲಿ ವೇಗದಲ್ಲಿ ಒಂದು ಯೂನಿಟ್ಟಿಗೆ 1.1 ಮೈಲಿ ಸಿಗುತ್ತಿತ್ತು. ಖಾಲಿ ಗಾಡಿಗೆ ಸಿಗುವುದರ ಅರ್ಧ. ಸ್ಯಾಕ್ರಮೆಂಟೊ ದಾಟಿ ರಾಕ್ಲಿನ್‌ನಲ್ಲಿ ಚಾರ್ಜಿಗೆ ನಿಂತೆವು. 80% ಮೇಲೆ ಕರೆಂಟು ತೊಟ್ಟಿಕ್ಕತೊಡಗಿತು. 82% ಆದಾಗ ಹೊರಟೆ. ಇನ್ನು 80 ಮೈಲಿ ತಾನೆ, ಇರುವ ಕರೆಂಟಿಗೆ 118 ಮೈಲಿ ಬರುತ್ತದೆ, ಸಾಕು ಅಂದುಕೊಂಡೆ. ರಸ್ತೆ ಏರುತ್ತದೆ ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ರಾಕ್ಲಿನ್ ಸಮುದ್ರಮಟ್ಟದಿಂದ 250 ಅಡಿಯಷ್ಟೇ ಮೇಲಿದೆ. ಇಂಟರ್‌ಸ್ಟೇಟ್ 80 ಹೆದ್ದಾರಿ ಟ್ರಕಿಗೆ ಮುಂಚೆ ಡಾನರ್ ಘಟ್ಟದ ನೆತ್ತಿ ಮುಟ್ಟುವುದು 7,239 ಅಡಿಯಲ್ಲಿ.

ಕೋಲ್‌ಫ್ಯಾಕ್ಸ್ ಹತ್ತಿರ ಬರುವಷ್ಟರಲ್ಲಿ 51%ಕ್ಕೆ ಇಳಿದಿತ್ತು. "ರೀ, ಇದು ಹೀಗೇ ಇಳಿದ್ರೆ ಮೇಲೆ ಹೋಗೋವಷ್ಟರಲ್ಲಿ ಏನೂ ಉಳಿಯಲ್ಲ. ವಾಪಸ್ ಹೋಗೋಣ" ಅಂದಳು ನನ್ನ ಹೆಂಡತಿ. ಹಿಂದಿನ ಸೀಟಲ್ಲಿ ಇಬ್ಬರು ಮಕ್ಕಳಿದ್ದರು. ಹದಿನೈದು ಮೈಲಿ ಕೆಳಗಿನ ಆಬರ್ನ್‌ಗೆ ತಿರುಗಿದೆವು. ಅವಳ ಮಾತೇ ಸರಿ ಎಂದು ಆ ರಾತ್ರಿ ಕಾಗದ ಹಿಡಿದು ಕೂತಾಗ ಖಚಿತವಾಯಿತು. ಪಿಕಪ್, ಟ್ರೇಲರ್, ನಾವು ನಾಲ್ವರು ಸೇರಿ ಸುಮಾರು 5,900 ಕಿಲೋ. ಅಷ್ಟನ್ನು ರಾಕ್ಲಿನ್‌ನಿಂದ ನೆತ್ತಿಗೆ ಎತ್ತಲು ಬರೀ ಏರಿಕೆಗೇ 35 ಯೂನಿಟ್ ಹತ್ತಿರ ಬೇಕು. ಗಾಳಿಗೆ, ಟೈರಿಗೆ ಬೇಕಾದದ್ದು ಬೇರೆ. ಟ್ರೇಸಿಯಿಂದ ಟ್ರಕಿಯವರೆಗಿನ ಒಟ್ಟು ಪ್ರಯಾಣಕ್ಕೆ 180 ಯೂನಿಟ್ ದಾಟಿತು. ಊರಲ್ಲಿ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್ ಎಂದು ನೆನೆದರೆ ಇದು ಎಷ್ಟು ದೊಡ್ಡ ಮೊತ್ತ ಎಂಬುದು ತಿಳಿಯುತ್ತದೆ. ಪೆಟ್ರೋಲಿನ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಒಂದು ಗ್ಯಾಲನ್‌ನಲ್ಲಿ 33.7 ಯೂನಿಟ್ ಶಕ್ತಿ ಇರುತ್ತದೆ, ಹಾಗಾಗಿ ನಮ್ಮ ಇಡೀ ಬ್ಯಾಟರಿ ನಾಲ್ಕು ಗ್ಯಾಲನ್‌ಗೂ ಸಮವಲ್ಲ. ಪೆಟ್ರೋಲ್ ಗಾಡಿಗೂ ಟ್ರೇಲರ್ ಕಟ್ಟಿದರೆ ಮೈಲೇಜು ಬೀಳುತ್ತದೆ. ಅದರ ಟ್ಯಾಂಕು ದೊಡ್ಡದು, ಐದು ನಿಮಿಷಕ್ಕೆ ತುಂಬುತ್ತದೆ, ಹಾಗಾಗಿ ಯಾರಿಗೂ ಅಷ್ಟು ತಟ್ಟುವುದಿಲ್ಲ.

ಆದರೂ ತಪ್ಪು ತೂಕದ್ದು ಎಂದೇ ಬಹಳ ದಿನ ನಂಬಿದ್ದೆ. ಆ ನಂಬಿಕೆ ಬದಲಾದದ್ದು ಸ್ನೇಹಿತರೊಬ್ಬರ ಬಾದಾಮಿ ತೋಟಕ್ಕೆ ಹಳೆಯ ಸಣ್ಣ ಟ್ರ್ಯಾಕ್ಟರ್ ತಂದುಕೊಟ್ಟಾಗ. ತಗ್ಗಾದ, ಗೋಡೆಯಿಲ್ಲದ ಟ್ರೇಲರ್ ಮೇಲೆ ಅದನ್ನು ಹೇರಿ ಫ್ರೆಸ್ನೊದಿಂದ ಮೊಡೆಸ್ಟೊಗೆ ಎಳೆದು ತಂದೆ. ತೂಕ ಹೆಚ್ಚುಕಡಿಮೆ ಅಷ್ಟೇ, ವೇಗವೂ ಅಷ್ಟೇ. ಸಿಕ್ಕಿದ್ದು ಮಾತ್ರ ಯೂನಿಟ್ಟಿಗೆ 1.6 ಮೈಲಿ! ಟ್ರ್ಯಾಕ್ಟರ್ ಪಿಕಪ್ಪಿನ ಮರೆಯಲ್ಲೇ ಬರುತ್ತಿತ್ತು. ನಮ್ಮ ಟ್ರೇಲರಾದರೋ ಪಿಕಪ್ಪಿನ ತಲೆಗಿಂತ ಎಷ್ಟೋ ಎತ್ತರ, ಎದುರುಗಾಳಿಗೆ ಗೋಡೆ ನಿಲ್ಲಿಸಿದ ಹಾಗೆ. ಹಾಸನದ ಕಡೆ ಹುಲ್ಲು ಹೇರಿದ ಲಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹುಲ್ಲು ಹಗುರವೇ, ಗಾಳಿಗೆ ಅದು ಗೊತ್ತಾಗುವುದಿಲ್ಲ. ಸಪಾಟು ರಸ್ತೆಯಲ್ಲಿ ಬ್ಯಾಟರಿಯನ್ನು ತಿನ್ನುವುದು ಹೊರೆಯ ಎತ್ತರ ಮತ್ತು ಅಗಲ. ಘಟ್ಟ ಬಂದಾಗ ಮಾತ್ರ ತೂಕ ತನ್ನ ಪಾಲು ಕೇಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 55ರ ಬದಲು 65ರಲ್ಲಿ ಹೋದರೆ ಆ ತಡೆ 40% ಹೆಚ್ಚು. ಟ್ರೇಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾದ ಕಾನೂನಿನ ಮಿತಿ 55, ಬ್ಯಾಟರಿಗೂ ಅದೇ ಒಳ್ಳೆಯದು.

ಇಳಿಜಾರು ಮಾತ್ರ ನಿಜಕ್ಕೂ ಸುಖ. ಹೋಗುವಾಗ ರಾಕ್ಲಿನ್‌ನಿಂದ ಟ್ರಕಿಗೆ ಬ್ಯಾಟರಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬೇಕು, ಬರುವಾಗ ಅದೇ ದಾರಿಗೆ 40% ಸಾಕಾಯಿತು. ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಕರೆಂಟು ಬ್ಯಾಟರಿಗೆ ವಾಪಸ್ ಬರುತ್ತದೆ. ಅಕ್ಕಪಕ್ಕದ ಗಾಡಿಗಳಿಂದ ಬ್ರೇಕು ಸುಟ್ಟ ವಾಸನೆ ಬರುತ್ತಿದ್ದಾಗ ನಾವು ನಿಶ್ಚಿಂತೆಯಿಂದ ಇಳಿದೆವು. ಒಂದು ಎಚ್ಚರ: ಘಟ್ಟದ ಮೇಲೆ 100% ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಯಲ್ಲಿ ಕರೆಂಟಿಗೆ ಜಾಗವಿರದೆ ಈ ಹಿಡಿತ ಕಡಿಮೆಯಾಗುತ್ತದೆ. ನಾನು ಟ್ರಕಿಯಲ್ಲಿ 85%ಕ್ಕೆ ನಿಲ್ಲಿಸುತ್ತೇನೆ.

ನನಗೆ ನಿಜವಾಗಿ ಸಿಟ್ಟು ಬರುವುದು ಚಾರ್ಜಿಂಗ್ ಜಾಗಗಳನ್ನು ನೋಡಿದಾಗ. ಲೈಟ್ನಿಂಗ್‌ನ ಚಾರ್ಜಿಂಗ್ ಕಿಂಡಿ ಎಡಗಡೆ ಮುಂಚಕ್ರದ ಮೇಲಿದೆ. ಹೆಚ್ಚಿನ ಕಡೆ ಕಾರೊಂದು ಮೂಗು ತೂರಿಸಿ ನಿಲ್ಲುವಷ್ಟೇ ಜಾಗ. ಟ್ರೇಲರ್ ಸಮೇತ ನಿಂತರೆ ಹಿಂದೆ ಓಡಾಡುವ ದಾರಿಯೇ ಮುಚ್ಚಿಹೋಗುತ್ತದೆ. ಆಗ ಪಾರ್ಕಿಂಗ್ ಲಾಟಿನ ಮೂಲೆಯೊಂದನ್ನು ಹುಡುಕಬೇಕು. ಟ್ರೇಲರಿನ ಚಕ್ರಕ್ಕೆ ಅಡ್ಡ ಕೊಟ್ಟು, ಸರಪಳಿ, ವೈರು ಬಿಚ್ಚಿ, ಜ್ಯಾಕ್ ಏರಿಸಿ ಕಳಚಬೇಕು. ಚಾರ್ಜ್ ಆದ ಮೇಲೆ ಮತ್ತೆ ಕಟ್ಟಬೇಕು. 15ರಿಂದ 80%ಕ್ಕೆ 41 ನಿಮಿಷ ಎಂದು ಕಂಪನಿ ಹೇಳುತ್ತದೆ. ಈ ಕಟ್ಟುವ, ಬಿಚ್ಚುವ ಕೆಲಸಕ್ಕೆ ಇನ್ನರ್ಧ ಗಂಟೆ. ಆಬರ್ನ್‌ನಲ್ಲಿ ಆ ದಿನ ಮಳೆ ಬೇರೆ. ಪೆಟ್ರೋಲ್ ಬಂಕಿನಂತೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವ ಜಾಗ ಪ್ರತಿ ಹೆದ್ದಾರಿ ನಿಲ್ದಾಣದಲ್ಲಿ ಎರಡಾದರೂ ಬೇಕು. ಬ್ಯಾಟರಿ ದೊಡ್ಡದಾಗುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.

ಈಗ ನನ್ನ ಪದ್ಧತಿ ಹೀಗಿದೆ. ಟ್ರೇಲರಿನ ತೂಕ, ಅಳತೆಗಳನ್ನು ಗಾಡಿಯ ಪರದೆಯಲ್ಲಿ ತುಂಬಿಸುತ್ತೇನೆ, ಉಳಿದ ದೂರವನ್ನು ಅದು ಆ ಪ್ರಕಾರ ತೋರಿಸುತ್ತದೆ. ಎರಡು ಚಾರ್ಜಿನ ನಡುವೆ 90 ಮೈಲಿಗಿಂತ ಹೆಚ್ಚು ಅಂತರ ಇಡುವುದಿಲ್ಲ, ಘಟ್ಟವಿದ್ದರೆ 70. ರಾಕ್ಲಿನ್‌ನಲ್ಲಿ ಊಟ ಮುಗಿಸಿ 95% ಆಗುವವರೆಗೆ ಕಾಯುತ್ತೇವೆ, ಕೋಲ್‌ಫ್ಯಾಕ್ಸ್‌ಗೆ ಮುಂಚೆ ಆಬರ್ನ್‌ನಲ್ಲಿ ಇನ್ನೊಂದು ಸಲ ತುಂಬಿಸಿಕೊಳ್ಳುತ್ತೇವೆ. ಬಾಗಿಲ ಪಕ್ಕದ ಚೀಟಿಯಲ್ಲಿರುವ ಪೇಲೋಡ್ ಮಿತಿಯನ್ನೂ, ಅಂದರೆ ಪಿಕಪ್ ತನ್ನ ಮೇಲೇ ಹೊರಬಹುದಾದ ಭಾರವನ್ನೂ, ನೋಡಿ. ಟ್ರೇಲರಿನ ಮೂತಿಯ ಭಾರ, ಅಂದರೆ ಅದರ ತೂಕದ 10ರಿಂದ 15%, ಪಿಕಪ್ಪಿನ ಮೇಲೇ ಕೂರುತ್ತದೆ. ಜನ, ಸಾಮಾನು ಸೇರಿದರೆ ಮಿತಿ ಬೇಗ ಮುಟ್ಟುತ್ತದೆ.

ಈ ವರ್ಷ ಮೂರು ಸಲ ಟ್ರಕಿ ಹತ್ತಿರದ ಟಾಹೋ ಸರೋವರದ ಕಡೆ ಹೋಗಿಬಂದೆವು, ಎಲ್ಲೂ ಹಿಂದೆ ತಿರುಗಲಿಲ್ಲ. ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋಗಿ ಎಂದು ಮಕ್ಕಳು ಕೇಳುತ್ತಿದ್ದಾರೆ. ಅಷ್ಟು ದೂರ ನೂರು ಮೈಲಿಗೊಮ್ಮೆ ಟ್ರೇಲರ್ ಕಳಚುತ್ತ ಹೋಗಲು ನಾನು ಸಿದ್ಧನಿಲ್ಲ. ಅದಕ್ಕೆ ಟ್ರೇಲರನ್ನು ಮನೆಯಲ್ಲೇ ಬಿಟ್ಟು, ಅಲ್ಲಿ ಕ್ಯಾಬಿನ್ ಬುಕ್ ಮಾಡಿದ್ದೇವೆ.