ಎಂಜಿಬಿಗೆ ಯಾವ ವೀಲ್, ಯಾವ ಟೈರ್? ಅಗಲದ ಆಸೆಗೆ ಬೀಳೋ ಮುಂಚೆ ಓದಿ

ಎಂಜಿಬಿ ಅನ್ನುವ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಕೈ ಹಾಕುವುದು ವೀಲ್‌ಗಳ ಮೇಲೇ. ಎಂಜಿನ್ ಎಣ್ಣೆ ಕುಡಿಯುತ್ತಿರಲಿ, ಮಳೆ ಬಂದರೆ ಕಾರಿನ ಬಟ್ಟೆಯ ಚಾವಣಿ ಸೋರುತ್ತಿರಲಿ, ಅದೆಲ್ಲ ಆಮೇಲೆ ನೋಡಿಕೊಳ್ಳೋಣ, ಈ ತೆಳ್ಳನೆ ಟೈರ್ ಕಿತ್ತು ದಪ್ಪನೆಯದು ಹಾಕೋಣ ಅನ್ನುವ ಆಸೆ. ನನ್ನ ಮಾತು ಇಷ್ಟೇ: ಈ ಕಾರಿಗೆ 165 ಮಿಮೀ ಅಗಲದ ಟೈರ್ ಸಾಕು, ಮನಸ್ಸು ಕೇಳದಿದ್ದರೆ 185/70 (ಅಗಲ 185 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 70), ಅಲ್ಲಿಗೆ ನಿಲ್ಲಿಸಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ಐದು ಲಕ್ಷಕ್ಕೂ ಹೆಚ್ಚು ಬಂದವು, ಅದರಲ್ಲಿ ದೊಡ್ಡ ಪಾಲು ಹೋಗಿದ್ದು ಅಮೆರಿಕಕ್ಕೆ. ಹಾಗಾಗಿ ಅಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮವರಿಗೆ ಕ್ಲಾಸಿಕ್ ಸ್ಪೋರ್ಟ್ಸ್ ಕಾರು ಬೇಕು ಅಂದರೆ ಕೈಗೆಟುಕುವ ಹೆಸರುಗಳಲ್ಲಿ ಇದೂ ಒಂದು. ಬಿಡಿಭಾಗ ಸಿಗುತ್ತವೆ. ಆದರೆ ಹದಿನೆಂಟು ವರ್ಷದಲ್ಲಿ ವೀಲ್‌ಗಳು ಹಲವು ಸಲ ಬದಲಾಗಿವೆ, ಆಮೇಲೆ ಹಿಂದಿನ ಮಾಲೀಕರು ತಮಗೆ ತೋಚಿದ್ದನ್ನೆಲ್ಲ ಹಾಕಿರುತ್ತಾರೆ. ಈಗ ಕಾರಿನಲ್ಲಿ ಏನಿದೆಯೋ ಅದೇ ಸರಿಯಾದ ಸೈಜ್ ಅಂತ ನಂಬಬೇಡಿ.

ಮೊದಲು ಹಬ್, ಅಂದರೆ ವೀಲ್ ಹೋಗಿ ಕೂರುವ ನಡುಭಾಗ ನೋಡಿ, ಟೈರ್ ಆಮೇಲೆ.

ಅದರಲ್ಲಿ ನಾಲ್ಕು ಸ್ಟಡ್ (ಹೊರಚಾಚಿದ ಬೋಲ್ಟ್) ಇದ್ದರೆ ಅದು ನಟ್ ಹಾಕಿ ಬಿಗಿಯುವ ವೀಲ್. ಎದುರುಬದುರಿನ ಎರಡು ಸ್ಟಡ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ 114.3 ಮಿಮೀ, ಅಂದರೆ ನಾಲ್ಕೂವರೆ ಇಂಚು ಬರಬೇಕು. ಅದೇ ಕಂಪನಿಯ ಚಿಕ್ಕ ಕಾರು ಎಂಜಿ ಮಿಡ್ಜೆಟ್‌ನದು ನಾಲ್ಕೇ ಇಂಚು, ಸುಮ್ನೆ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತರಬೇಡಿ, ಕೂರೋದೇ ಇಲ್ಲ. ಹಳೇ ಜಪಾನಿ ಕಾರುಗಳ ಎಷ್ಟೋ ವೀಲ್‌ಗಳಿಗೆ ಇದೇ 114.3 ಅಳತೆ ಇರುತ್ತದೆ, ಸ್ಟಡ್‌ಗಳ ಮೇಲೆ ಚೆನ್ನಾಗಿಯೇ ಕೂರುತ್ತದೆ. ಆದರೆ ಆಫ್‌ಸೆಟ್ ಬೇರೆ. ಅಂದರೆ ರಿಮ್‌ನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಒಳಗೆ ಅಥವಾ ಹೊರಗೆ ಇದೆ ಅನ್ನುವ ಲೆಕ್ಕ. ಅದು ತಪ್ಪಿದರೆ ಟೈರ್ ಒಂದೋ ಮಡ್‌ಗಾರ್ಡ್‌ನಿಂದ ಹೊರಗೆ ಇಣುಕುತ್ತದೆ, ಇಲ್ಲವೇ ಒಳಗೆ ಉಜ್ಜುತ್ತದೆ.

ಇನ್ನು ನಡುವೆ ಒಂದೇ ದೊಡ್ಡ ನಟ್ ಇದ್ದು ಹಬ್ ಮೇಲೆ ಹಲ್ಲುಹಲ್ಲು ಇದ್ದರೆ ಅದು ಸ್ಪೋಕ್ ವೀಲ್‌ನ ಹಬ್. ಇಲ್ಲಿ ನೆನಪಿಡಬೇಕಾದ ಸಂಗತಿ ಒಂದಿದೆ. ಸ್ಪೋಕ್ ವೀಲ್ ಕಾರಿನ ಹಿಂದಿನ ಆಕ್ಸಲ್, ನಟ್ ವೀಲ್ ಕಾರಿನದ್ದಕ್ಕಿಂತ ಅಗಲ ಕಡಿಮೆ. ನಾಲ್ಕು ಸ್ಟಡ್‌ನ ಕಾರಿಗೆ ಅಡಾಪ್ಟರ್ ಹಾಕಿ ಸ್ಪೋಕ್ ವೀಲ್ ಕೂರಿಸಿದರೆ ಹಿಂದಿನ ಚಕ್ರಗಳು ಹೊರಗೆ ಬಂದುಬಿಡುತ್ತವೆ. ಆಗ 165 ಹಾಕಿದರೂ ಜಾಗ ಬಿಗಿಯಾಗಬಹುದು.

ಹಳೇ ಸ್ಪೋಕ್ ವೀಲ್ ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಚಿಕ್ಕ ಸ್ಪ್ಯಾನರ್ ತಗೊಂಡು ಒಂದೊಂದೇ ಕಡ್ಡಿಗೆ ಮೆಲ್ಲಗೆ ಬಡಿಯುತ್ತಾ ಸುತ್ತು ಬನ್ನಿ. ಬಿಗಿ ಇರುವ ಕಡ್ಡಿ ಟಿಂಗ್ ಅನ್ನುತ್ತದೆ, ಸಡಿಲವಾಗಿದ್ದು ಡಬ್ ಅನ್ನುತ್ತದೆ. ಅಲ್ಲೊಂದು ಇಲ್ಲೊಂದು ಡಬ್ ಅಂದರೆ ಬಿಗಿ ಮಾಡಿಸಬಹುದು, ಸಾಲಾಗಿ ಅಂದರೆ ಬಿಟ್ಟುಬಿಡಿ. ಎರಡನೆಯದು, ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಒಳಗೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಚಕ್ರವನ್ನು ಹಿಂದೆ ಮುಂದೆ ತಿರುಗಿಸಲು ನೋಡಿ. ಟಕ್ ಟಕ್ ಅಂತ ಆಡಿದರೆ ಹಲ್ಲು ಸವೆದಿದೆ. ವೀಲ್ ತೆಗೆದು ಹಲ್ಲುಗಳ ಮೇಲೆ ಬೆರಳು ಆಡಿಸಿ. ತುದಿ ಚಪ್ಪಟೆಯಾಗಿರಬೇಕು, ಚೂಪಾಗಿದ್ದರೆ ಹಬ್ಬೂ ಹೋಗಿದೆ ವೀಲೂ ಹೋಗಿದೆ. ಸವೆದ ಹಬ್ ಮೇಲೆ ಹೊಸ ವೀಲ್ ಹಾಕಿದರೆ ಅದನ್ನೂ ತಿಂದುಹಾಕುತ್ತದೆ.

ಈಗ ಸೈಜ್‌ಗೆ ಬರೋಣ. ಶುರುವಿನಲ್ಲಿ ಈ ಕಾರಿಗೆ ಕೊಡುತ್ತಿದ್ದುದು 5.60-14 ಅನ್ನುವ ಕ್ರಾಸ್‌ಪ್ಲೈ ಟೈರ್ (ಒಳಗಿನ ದಾರಗಳು ಓರೆಯಾಗಿ ಅಡ್ಡಹಾಯುವ ಹಳೇ ತರದ್ದು), ಆಮೇಲೆ ಬಂದದ್ದು ಇವತ್ತಿನ ಕಾರುಗಳಲ್ಲಿರುವ ತರದ ರೇಡಿಯಲ್, 155 ಮತ್ತು 165. ಆಗ 165ಆರ್14 ಅಂತಷ್ಟೇ ಬರೆಯುತ್ತಿದ್ದರು, ಎತ್ತರದ ಅಂಕಿ ಇರುತ್ತಿರಲಿಲ್ಲ. ಇವತ್ತಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 165/80ಆರ್14. ಈ ಸೈಜ್ ನೋಡಿದ್ದೀನಲ್ಲ ಅನ್ನಿಸಿತಾ? ಹೌದು, ನಮ್ಮೂರಲ್ಲಿ ಮಾರುತಿ ಸ್ವಿಫ್ಟ್, ಡಿಜೈರ್‌ನ ಕಡಿಮೆ ಬೆಲೆಯ ಮಾಡೆಲ್‌ಗಳಿಗೆ ಬರುವುದೂ ಇದೇ. ಸ್ಪೋರ್ಟ್ಸ್ ಕಾರಿಗೆ ಡಿಜೈರ್ ಟೈರಾ ಅಂತ ಮೂಗು ಮುರಿಯಬೇಡಿ, ಇದು ಒಂದು ಟನ್ ಆಸುಪಾಸಿನ ಕಾರು, ಗಂಟೆಗೆ 165 ಕಿಮೀ ಮುಟ್ಟಿದರೆ ಅದೇ ಹೆಚ್ಚು.

ಮುಖ್ಯವಾಗಿ ನೋಡಬೇಕಾದ್ದು ಟೈರ್‌ನ ಒಟ್ಟು ಎತ್ತರ. ಲೆಕ್ಕ ಸುಲಭ. ಅಗಲವನ್ನು ಎರಡನೇ ಅಂಕಿಯ ಶೇಕಡಾದಿಂದ ಗುಣಿಸಿ, ಎರಡರಷ್ಟು ಮಾಡಿ, ರಿಮ್‌ನ ವ್ಯಾಸ ಸೇರಿಸಿ. 14 ಇಂಚು ಅಂದರೆ 355.6 ಮಿಮೀ. 165/80ಕ್ಕೆ 132 ಎರಡು ಸಲ 264, ಒಟ್ಟು ಸುಮಾರು 620 ಮಿಮೀ. 185/70ಆರ್14 ಹಾಕಿದರೆ 615. ವ್ಯತ್ಯಾಸ ಒಂದು ಪರ್ಸೆಂಟೂ ಇಲ್ಲ, ಅದಕ್ಕೇ ಈ ಸೈಜ್ ಇಷ್ಟು ಜನಪ್ರಿಯ. 15 ಇಂಚಿನ ರಿಮ್ ಇಷ್ಟಪಟ್ಟವರಿಗೆ 185/65ಆರ್15 ಸುಮಾರು 621, ಅದೂ ಎತ್ತರದಲ್ಲಿ ಹೊಂದುತ್ತದೆ. ಆದರೆ ಅಂಗಡಿಯವರು ಸ್ಟಾಕ್ ಇದೆ ಅಂತ 195/60ಆರ್14 ತೋರಿಸಿದರೆ ಬೇಡ ಅನ್ನಿ. ಅದು 590 ಮಾತ್ರ, ಐದು ಪರ್ಸೆಂಟ್ ಹತ್ತಿರ ಕುಳ್ಳ. ಸ್ಪೀಡೋಮೀಟರ್ 100 ತೋರಿಸುವಾಗ ಕಾರು ಮೊದಲಿಗಿಂತ ನಿಧಾನ ಹೋಗುತ್ತಿರುತ್ತದೆ, ಎಂಜಿನ್ ಮಾತ್ರ ಜಾಸ್ತಿ ಕೂಗುತ್ತಿರುತ್ತದೆ. ಓವರ್‌ಡ್ರೈವ್ (ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಇಲ್ಲದ ಎಂಜಿಬಿ ನಾಲ್ಕನೇ ಗೇರ್‌ನಲ್ಲಿ 100 ಕಿಮೀ ವೇಗಕ್ಕೆ ಮೊದಲೇ ನಿಮಿಷಕ್ಕೆ 3,400 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಇನ್ನೂ 170 ಸುತ್ತು ಸೇರಿಸುವುದು ಯಾಕೆ? ನೋಡೋಕೂ ಚೆನ್ನಾಗಿರಲ್ಲ, ಮಡ್‌ಗಾರ್ಡ್ ಕೆಳಗೆ ದೊಡ್ಡ ಖಾಲಿ ಕಮಾನು ಕಾಣುತ್ತದೆ.

ರಿಮ್ ಅಗಲವೂ ಟೈರಿಗೆ ಹೊಂದಬೇಕು. ಆರಂಭದ ಸ್ಟೀಲ್ ವೀಲ್ 4 ಇಂಚು, ಮಾಮೂಲಿ 60 ಕಡ್ಡಿಯ ಸ್ಪೋಕ್ ವೀಲ್ 4.5, 1969ರ ಕೊನೆಗೆ ಬಂದ ರೋಸ್ಟೈಲ್ ಅನ್ನುವ ಅಲಂಕಾರದ ಸ್ಟೀಲ್ ವೀಲ್ 5. ನಾಲ್ಕು ಇಂಚಿಗೆ 155 ಅಥವಾ 165, ಅಷ್ಟೇ. ನಾಲ್ಕೂವರೆಗೆ 165 ಸರಿಯಾದ ಜೋಡಿ. 185 ಬೇಕು ಅಂದರೆ 5 ಅಥವಾ 5.5 ಇಂಚಿನ ರಿಮ್ ಇರಲಿ. ಸಣ್ಣ ರಿಮ್‌ಗೆ ಅಗಲದ ಟೈರ್ ತುರುಕಿದರೆ ಪಕ್ಕದ ಗೋಡೆ ಉಬ್ಬಿಕೊಂಡು ತಿರುವಿನಲ್ಲಿ ಕಾರು ಓಲಾಡುತ್ತದೆ, ಅಗಲ ಮಾಡಿದ್ದರ ಲಾಭವೇ ಹೋಯಿತಲ್ವಾ.

ಜೊತೆಗೆ ಇದಕ್ಕೆ ಪವರ್ ಸ್ಟೇರಿಂಗ್ ಇಲ್ಲ. 165ರಲ್ಲಿ ಒಂದೇ ಕೈಯಲ್ಲಿ ತಿರುಗುವ ಕಾರು, 195 ಹಾಕಿದ ಮೇಲೆ ಪಾರ್ಕಿಂಗ್‌ನಲ್ಲಿ ಭುಜ ನೋಯಿಸುತ್ತದೆ. ಮುಂದಿನ ಸಸ್ಪೆನ್ಷನ್‌ನಲ್ಲಿ ಶಾಕ್ ಅಬ್ಸಾರ್ಬರ್‌ನ ತೋಳೇ ಮೇಲಿನ ಕೊಂಡಿ, ಕೆಳಗೆ ಕಿಂಗ್‌ಪಿನ್, ಅಂದರೆ ಚಕ್ರ ಎಡಬಲ ತಿರುಗುವ ಗೂಟ. ಹಿಡಿತ ಜಾಸ್ತಿಯಾದಷ್ಟೂ ಇವೆಲ್ಲದರ ಮೇಲೆ ಭಾರ. ತೆಳ್ಳನೆ ಟೈರಿನಲ್ಲಿ ಹಿಡಿತ ಬಿಡುವ ಮುಂಚೆ ಕಾರು ನಿಧಾನವಾಗಿ ತಿಳಿಸುತ್ತದೆ, ಈ ಕಾರಿನ ಮಜಾ ಇರೋದೇ ಅಲ್ಲಿ.

ಸರಿ, 185 ಹಾಕೇ ಹಾಕ್ತೀನಿ ಅನ್ನುವವರು ಹಿಂದಿನ ಎಡಗಡೆ ಚಕ್ರ ನೋಡಿ. ಈ ಕಾರಿನಲ್ಲಿ ಎಡಕ್ಕೆ ಜಾಗ ಬಲಕ್ಕಿಂತ ಕಡಿಮೆ ಇರುವುದು ಮಾಮೂಲು. ಹೊಸ ನಾಲ್ಕೂ ಕೊಳ್ಳುವ ಮುಂಚೆ ಯಾರ ಹತ್ತಿರವಾದರೂ ಆ ಸೈಜಿನ ಒಂದು ಚಕ್ರ ಕೇಳಿ ತಂದು ಎಡ ಹಿಂಬದಿಗೆ ಹಾಕಿ. ಮಡ್‌ಗಾರ್ಡ್ ಅಂಚಿನ ಒಳಮಡಿಕೆಗೆ ಸೀಮೆಸುಣ್ಣ ಬಳಿಯಿರಿ, ಒಬ್ಬಿಬ್ಬರು ದಪ್ಪ ಸ್ನೇಹಿತರನ್ನು ಬೂಟಿನ (ಡಿಕ್ಕಿಯ) ಅಂಚಿನಲ್ಲಿ ಕೂರಿಸಿ ಕುಕ್ಕಿಸಿ, ಆಮೇಲೆ ಅವರನ್ನು ಇಳಿಸಿ, ಹಂಪ್ ಇರುವ ರಸ್ತೆಯಲ್ಲಿ ಎರಡೂ ಕಡೆಗೆ ತಿರುಗಿಸುತ್ತಾ ನಿಧಾನಕ್ಕೆ ಒಂದು ಸುತ್ತು ಹೋಗಿ ಬನ್ನಿ. ಟೈರ್ ಪಕ್ಕಕ್ಕೆ ಬಿಳಿ ಗೆರೆ ಬಿದ್ದಿದ್ದರೆ ಉತ್ತರ ಸಿಕ್ಕಿತು. ಮಡಿಕೆಯನ್ನು ಬಡಿದು ಒಳಗೆ ಮಡಚುವವರೂ ಇದ್ದಾರೆ. ಬಣ್ಣ ಬಿರುಕು ಬಿಟ್ಟು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ, ನಾನಂತೂ ಅದರ ಬದಲು 165 ಹಾಕಿಕೊಳ್ಳುತ್ತೇನೆ. ಮುಂದೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಳಗೆ ಎಲ್ಲಾದರೂ ತಾಗುತ್ತದಾ ನೋಡಿದರೆ ಸಾಕು.

ಕೊಳ್ಳುವಾಗ ಇನ್ನೊಂದಿಷ್ಟು. 165ಆರ್14ಸಿ ಅಂತ ಕೊನೆಗೆ ಸಿ ಇದ್ದರೆ ಅದು ಸರಕು ಸಾಗಿಸುವ ವ್ಯಾನಿನ ಟೈರ್, ಗಟ್ಟಿ ಗೋಡೆ, ಈ ಹಗುರ ಕಾರಿಗೆ ಬೇಡ. ವೇಗದ ಅಕ್ಷರ ಎಸ್ (180 ಕಿಮೀ) ಅಥವಾ ಟಿ (190) ಇದ್ದರೆ ನಾಲ್ಕು ಸಿಲಿಂಡರ್ ಕಾರಿಗೆ ಧಾರಾಳ, ಎಂಟು ಸಿಲಿಂಡರ್‌ನ ವಿ8 ಇದ್ದವರು ಎಚ್ (210) ಕೇಳಿ. ಹಳೇ ಕಾಲದ ನೋಟವೇ ಬೇಕು ಅಂದರೆ ಪಿರೆಲಿ ಸಿಂಟುರಾಟೊ, ವ್ರೆಡೆಸ್ಟೈನ್ ಸ್ಪ್ರಿಂಟ್ ಕ್ಲಾಸಿಕ್ ತರದವು ಇವೆ. ಬೆಲೆ ಮಾತ್ರ ಕೂತುಕೊಂಡೇ ಕೇಳಿ. ರೇಡಿಯಲ್ ಮತ್ತು ಕ್ರಾಸ್‌ಪ್ಲೈ ಬೆರೆಸಬೇಡಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕುವುದು ಇಂಗ್ಲೆಂಡಿನಲ್ಲಿ ಕಾನೂನಿಗೇ ವಿರುದ್ಧ. ಸ್ಪೋಕ್ ವೀಲ್‌ಗೆ ಕಡ್ಡಿಗಳ ತುದಿ ಸೀಲ್ ಆಗಿಲ್ಲದಿದ್ದರೆ ಟ್ಯೂಬ್ ಬೇಕೇ ಬೇಕು. ಟ್ಯೂಬ್ ಹಾಕಿಸುವ ಮುಂಚೆ ಟೈರ್ ಒಳಗೆ ಅಂಟಿಸಿದ ಕಾಗದದ ಲೇಬಲ್ ಕಿತ್ತು ಹಾಕಿಸಿ, ಅದೇ ಉಜ್ಜಿ ಉಜ್ಜಿ ಟ್ಯೂಬ್ ತೂತಾಗುತ್ತದೆ.

ಸ್ಪೋಕ್ ವೀಲ್‌ನ ನಡುವಿನ ನಟ್ ಬಿಚ್ಚುವುದು ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೆ. ಎರಡೂ ಕಡೆ ಹೀಗೇ ಇರಬೇಕು. ಉಲ್ಟಾ ಇದ್ದರೆ ಹಿಂದೆ ಯಾರೋ ಎಡಬಲ ಹಬ್ ಅದಲುಬದಲು ಮಾಡಿದ್ದಾರೆ, ಓಡಿಸಿದಷ್ಟೂ ನಟ್ ಸಡಿಲವಾಗುತ್ತದೆ, ಸರಿ ಮಾಡಿಸದೆ ಗಾಡಿ ತೆಗೆಯಬೇಡಿ. ಯಾವ ವೀಲ್ ಆದರೂ ಸರಿ, ಹಾಕಿ ಐವತ್ತು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಇಂಥ ಕಾರುಗಳ ಟೈರ್ ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತವೆ. ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು, ಟೈರ್ ಮೇಲಿನ ಗೀರು ಎಷ್ಟೇ ಆಳವಾಗಿದ್ದರೂ ಕಿತ್ತೆಸೆಯಿರಿ. ಬೂಟಿನ ಸ್ಟೆಪ್ನಿಯದ್ದೂ ಓದಿ, ಮೂರು ಅಂಕಿ ಸಿಗುವುದು ಹೆಚ್ಚಾಗಿ ಅಲ್ಲೇ. ಅಂಗಡಿಯಲ್ಲಿ ರೇಟ್ ಕೇಳುವಾಗ ಐದು ಟೈರಿಗೆ ಕೇಳಿ.